ಬೋಟಿನ ಅಡಿಯ ವಾಲ್ವನ್ನ ಉಪ್ಪುನೀರು ತಿಂತಾ ಉಂಟು, ಏನು ಮಾಡೋದು?

ನಮ್ಮದು ಫೈಬರ್ ಬೋಟು, ಒಳಗೇ ಇಂಜಿನ್, ಕಟ್ಟೋದು ಮಂಜೇಶ್ವರದಲ್ಲಿ. ಇಂಜಿನ್ ತಂಪಿಗೆ ನೀರು ಎಳೆಯುವ ಅಡಿಯ ಫಿಟ್ಟಿಂಗು, ಅದರ ವಾಲ್ವು ಎರಡೂ ಹಿತ್ತಾಳೆಯದ್ದು, ಹಸಿರು ಕಟ್ಟಿದೆ. ಅಡಿಗೆ ಝಿಂಕ್ (ಬೇರೆ ಲೋಹದ ಬದಲು ತಾನೇ ಕರಗುವ ಸತುವಿನ ತುಂಡು) ಹೊಡೆಸಿದ್ದೇವೆ, ಆದ್ರೂ ಹೀಗೆ. ಅನುಭವ ಇದ್ದವರು ಹೇಳಿ.

— ಅಣ್ಣಾ, ಹಸಿರು ಬರೀ ಮೇಲಿನದ್ದು, ಫೈಲಲ್ಲಿ ಸ್ವಲ್ಪ ಉಜ್ಜಿ ನೋಡಿ, ಹಳದಿ ಹೊಳಪು ಬಂದ್ರೆ ಸದ್ಯಕ್ಕೆ ಜೀವ ಉಂಟು, ತಾಮ್ರದ ಹಾಗೆ ಗುಲಾಬಿ ಬಂದ್ರೆ ಹೋಯ್ತು ಅಂತಲೇ. ಹಿತ್ತಾಳೆಯಲ್ಲಿರುವ ಸತುವನ್ನ ಉಪ್ಪುನೀರು ಎಳ್ಕೊಂಡು ಹೋಗ್ತದೆ, ಉಳಿಯೋದು ಟೊಳ್ಳು ತಾಮ್ರ, ನೋಡ್ಲಿಕ್ಕೆ ಆಕಾರ ಹಾಗೇ ಇರ್ತದೆ ಆದ್ರೆ ಸ್ಪ್ಯಾನರ್ ಹಾಕಿದ ಕೂಡ್ಲೆ ತುಂಡು. ಮನೆ ಪೈಪಿನ ವಾಲ್ವು ನೀರಿನ ಮಟ್ಟದ ಕೆಳಗೆ ಬೇಡವೇ ಬೇಡ ಮಾರಾಯ್ರೆ, ಎಷ್ಟು ಕಮ್ಮಿಗೆ ಸಿಕ್ಕಿದ್ರೂ. ಗನ್‌ಮೆಟಲ್ ಅಂದ್ರೆ ತಾಮ್ರ-ತವರದ ಕಂಚು ಹಾಕಿ, ಫಿಟ್ಟಿಂಗು, ವಾಲ್ವು, ಹೋಸ್ ಕೂರಿಸುವ ಮೂತಿ ಮೂರೂ ಅದೇ.

ಇನ್ನು ಝಿಂಕು. ಫೈಬರಲ್ಲಿ ಕರೆಂಟ್ ಹರಿಯೋದಿಲ್ಲ, ಹಾಗಾಗಿ ಸುಮ್ಮನೆ ಅಡಿಗೆ ಹೊಡೆಸಿದ್ದು ಫಿಟ್ಟಿಂಗನ್ನ ಕಾಯೋದಿಲ್ಲ, ಝಿಂಕಿನ ಬೋಲ್ಟಿಂದ ಫಿಟ್ಟಿಂಗಿಗೆ ಒಳಗಡೆ ದಪ್ಪ ತಾಮ್ರದ ವೈರ್ ಎಳೀಲೇಬೇಕು. ಝಿಂಕಿನ ಮೇಲೆ ಪೇಂಟ್ ತಾಗಿಸ್ಬೇಡಿ. ಅರ್ಧ ಕರಗಿದ್ರೆ ಬದಲಿಸಿ. ವರ್ಷ ಕಳೆದ್ರೂ ಹೊಸದರ ಹಾಗೇ ಉಂಟಾದ್ರೆ ಅದು ಕೆಲಸ ಮಾಡ್ತಿಲ್ಲ ಅಂತ ಅರ್ಥ.

— ಹಾಗಾದ್ರೆ ವೈರೇ ಇಲ್ಲ ನಮ್ಮದಕ್ಕೆ. ಗನ್‌ಮೆಟಲ್ ಬದಲು 316 ಅನ್ನುವ ಸ್ಟೇನ್‌ಲೆಸ್ ಸ್ಟೀಲ್ ಆಗ್ತದಾ?

— ನನ್ನ ಅಭಿಪ್ರಾಯದಲ್ಲಿ ಬೇಡ. ಸ್ಟೀಲಿಗೆ ಗಾಳಿಯ ಅಂಶ ತಾಗ್ತಾ ಇದ್ರೆ ಸರಿ, ಫೈಬರಿಗೂ ಸೀಲಂಟಿಗೂ ಮಧ್ಯೆ ನೀರು ನಿಂತ ಕಡೆ ಒಳಗಿಂದೊಳಗೇ ಗುಳಿ ಬೀಳ್ತದೆ, ಹೊರಗಿಂದ ಗೊತ್ತೇ ಆಗೋದಿಲ್ಲ.

ಎಲ್ಲಕ್ಕಿಂತ ಮೊದ್ಲು ಬ್ಯಾಟರಿ ವೈರ್ ನೋಡಿ. ನಮ್ಮ ಟ್ರಾಲ್ ಬೋಟಲ್ಲಿ ನೀರು ಹೊರಹಾಕುವ ಪಂಪಿನ ವೈರಿನ ಜಾಯಿಂಟು ತಳದ ನೀರಲ್ಲಿ ಬಿದ್ದಿತ್ತು, ಕರೆಂಟು ಆ ನೀರಿಂದ ಫಿಟ್ಟಿಂಗಿಗೆ, ಅಲ್ಲಿಂದ ಹೊರಗೆ ಹರೀತಾ ಇತ್ತು, ಹಾಗಾದ್ರೆ ಎಂಥ ಗನ್‌ಮೆಟಲ್ ಆದ್ರೂ ಕೆಲವೇ ವಾರದಲ್ಲಿ ತಿಂದು ಮುಗಿಸ್ತದೆ, ಝಿಂಕ್ ಎಷ್ಟು ಕಟ್ಟಿದ್ರೂ ತಡೀಲಿಕ್ಕಾಗೋದಿಲ್ಲ. ಜಾಯಿಂಟೆಲ್ಲ ಮೇಲೆ ಕಟ್ಟಿ, ಬೋಟ್ ಬಿಟ್ಟು ಹೋಗುವಾಗ ಮೈನ್ ಸ್ವಿಚ್ ಆಫ್ ಮಾಡಿ.

ಮತ್ತೆ, ಜೂನ್ 9ರ ರಾತ್ರಿಯಿಂದ ಜುಲೈ 31ರ ತನಕ 52 ದಿನ ಕೇರಳದಲ್ಲಿ ಟ್ರಾಲಿಂಗ್ (ಬೋಟಲ್ಲಿ ಬಲೆ ಎಳೆದು ಮೀನು ಹಿಡಿಯೋದು) ಬಂದ್ ಇರುವಾಗ ನಾವು ಚಂದ್ರಗಿರಿ ಹೊಳೆಯಲ್ಲಿ ಕಟ್ತೇವೆ, ಮಳೆಗೆ ಅಲ್ಲಿ ಸಿಹಿನೀರೇ ಜಾಸ್ತಿ, ಝಿಂಕಿಗೆ ಬಿಳಿ ಪೊರೆ ಕಟ್ಟಿ ಸುಮ್ಮನಾಗ್ತದೆ. ಅಳಿವೆ ನೀರಿಗೆ ಝಿಂಕಿನ ಬದಲು ಅಲ್ಯುಮಿನಿಯಂ ಆನೋಡ್ (ಹಾಗೇ ತಾನೇ ಕರಗುವ ತುಂಡು) ವಾಸಿ. ಆಗಸ್ಟಲ್ಲಿ ಇಳಿಯೋ ಮೊದ್ಲು ವಾಲ್ವನ್ನ ತೆರೆದು ಮುಚ್ಚಿ ನೋಡಿ, ಮುರಿದ್ರೆ ತೂತು ಮುಚ್ಲಿಕ್ಕೆ ಪಕ್ಕದಲ್ಲೇ ಆ ತೂತಿಗೆ ಸರಿಯಾದ ಮೆದು ಮರದ ಬೆಣೆ ಒಂದು ಕಟ್ಟಿಡಿ.