ಪಾಲಿನ ದಾವೆಯಲ್ಲಿರುವ ಪಕ್ಕದ ಮನೆ ಕುಸಿಯುತ್ತಿದೆ: ಮಳೆಗಾಲಕ್ಕೆ ಮುನ್ನ ಏನು ಮಾಡಬಹುದು?

ಪ್ರಶ್ನೆ: ಹಳೆಪೇಟೆ ನಿವಾಸಿ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಹಳೆಯ ಬೀದಿಯಲ್ಲಿ ನಮ್ಮ ಮನೆಯಿದೆ. ಪಕ್ಕದ ಹೆಂಚಿನ ಮನೆಯ ಯಜಮಾನರು ತೀರಿಕೊಂಡ ಮೇಲೆ ಮಕ್ಕಳ ನಡುವೆ ಪಾಲಿನ ದಾವೆ ಆರಂಭವಾಗಿ ಮನೆಗೆ ಬೀಗ ಬಿದ್ದಿದೆ. ಎರಡೂ ಮನೆಗಳಿಗೆ ನಡುವೆ ಇರುವುದು ಒಂದೇ ಮಣ್ಣಿನ ಗೋಡೆ. ಅವರ ಕಡೆ ಹೆಂಚು ಜಾರಿ, ರೀಪು ಕೊಳೆತು, ಮಳೆನೀರು ನೇರವಾಗಿ ಗೋಡೆಯ ನೆತ್ತಿಗೆ ಇಳಿಯುತ್ತಿದೆ. ಬಿರುಕಿನಲ್ಲಿ ಅರಳಿ ಸಸಿಯೊಂದು ಬೇರುಬಿಟ್ಟಿದೆ. ಗೋಡೆಯ ಈಚೆಗೆ ನಮ್ಮ ತಾಯಿಯವರು ಮಲಗುವ ಕೋಣೆ. ಫೋನು ಮಾಡಿದರೆ ಅಣ್ಣನವರು ತಮ್ಮನ ಕಡೆಗೂ ತಮ್ಮನವರು ಅಕ್ಕನ ಕಡೆಗೂ ಬೆರಳು ತೋರಿಸುತ್ತಾರೆ. ತಲೆಮಾರುಗಳಿಂದ ಬಂದ ನೆರೆಹೊರೆಯ ಸಂಬಂಧವನ್ನು ಕೆಡಿಸಿಕೊಳ್ಳಲು ಮನಸ್ಸಿಲ್ಲ. ಗೋಡೆ ಇನ್ನೊಂದು ಮಳೆಗಾಲ ತಾಳೀತೆಂಬ ಧೈರ್ಯವೂ ಇಲ್ಲ. ನಾನು ಯಾರಿಗೆ, ಹೇಗೆ ಬರೆಯಬೇಕು?

ಉತ್ತರ: ಜಿಲ್ಲಾ ನ್ಯಾಯಾಲಯದ ವಕೀಲ

ಆಸ್ತಿ ಯಾರ ಪಾಲಿಗೆ ಹೋಗುತ್ತದೆ ಎಂಬುದು ನಿಮ್ಮ ಪ್ರಶ್ನೆಯಲ್ಲ, ಕಟ್ಟಡ ಅಪಾಯದಲ್ಲಿದೆ ಎಂಬುದಷ್ಟೇ ನಿಮ್ಮ ಪ್ರಶ್ನೆ. ಈ ಎರಡನ್ನೂ ಬೆರೆಸದೆ ಬರೆಯಿರಿ. ವಾರಸುದಾರರೆಲ್ಲರಿಗೂ ಒಂದೇ ಒಕ್ಕಣೆಯ ಪತ್ರವನ್ನು, ದಿನಾಂಕವಿರುವ ಛಾಯಾಚಿತ್ರಗಳೊಂದಿಗೆ, ತಲುಪಿದ ಬಗ್ಗೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. ಅದರ ಪ್ರತಿಯೊಂದಿಗೆ ಸ್ಥಳೀಯ ಪುರಸಭೆಗೂ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ.

ಇಷ್ಟಾದರೂ ಯಾರೂ ಕದಲದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ 152ನೇ ಕಲಮು ನಿಮ್ಮ ನೆರವಿಗಿದೆ. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮೇ. 2024ರ ಜುಲೈ 1ರಿಂದ ಹೊಸ ಸಂಖ್ಯೆಯಲ್ಲಿ ಜಾರಿಯಲ್ಲಿದೆ. ಬಿದ್ದು ನೆರೆಯವರಿಗೋ ದಾರಿಹೋಕರಿಗೋ ಗಾಯವಾಗುವ ಸ್ಥಿತಿಯಲ್ಲಿರುವ ಕಟ್ಟಡವನ್ನು ದುರಸ್ತಿ ಮಾಡಬೇಕು, ಆಸರೆ ಕೊಡಬೇಕು ಅಥವಾ ಕೆಡವಬೇಕು ಎಂದು ಅದರ ಮಾಲೀಕರಿಗೆ ಷರತ್ತುಬದ್ಧ ಆದೇಶ ನೀಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಿದೆ. ತಾಲ್ಲೂಕಿನಲ್ಲಿ ಆ ಅಧಿಕಾರಿ ತಹಶೀಲ್ದಾರರು, ಉಪವಿಭಾಗದಲ್ಲಿ ಸಹಾಯಕ ಆಯುಕ್ತರು. ಮಾಲೀಕರಿಗೆ ಹಾಜರಾಗಿ ಆಕ್ಷೇಪಿಸುವ ಹಕ್ಕಿದೆ. ಆದೇಶ ಖಾಯಂ ಆದ ಮೇಲೂ ಪಾಲಿಸದಿದ್ದರೆ ದಂಡಾಧಿಕಾರಿಯೇ ಕೆಲಸ ಮಾಡಿಸಿ ವೆಚ್ಚವನ್ನು ವಸೂಲು ಮಾಡಬಹುದು. ಆದರೆ ಅರ್ಜಿಯಲ್ಲಿ ಬೀದಿಯಲ್ಲಿ ಓಡಾಡುವವರಿಗಿರುವ ಅಪಾಯವನ್ನೂ ವಿವರಿಸಿ. ಕೇವಲ ಇಬ್ಬರು ನೆರೆಯವರ ವ್ಯಾಜ್ಯವೆಂದು ಕಂಡರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಿರೆನ್ನುವ ಸಂಭವವಿದೆ. ಎಂಜಿನಿಯರರೊಬ್ಬರ ಲಿಖಿತ ವರದಿ ಜೊತೆಗಿದ್ದರೆ ಅರ್ಜಿಗೆ ಹೆಚ್ಚಿನ ತೂಕ ಬರುತ್ತದೆ.

ಉತ್ತರ: ದಾಯಾದಿಗಳಲ್ಲೊಬ್ಬಳು

ಇಂಥದೇ ಬೀಗದ ಮನೆಯಲ್ಲಿ ನನಗೂ ಪಾಲಿದೆ, ಆದ್ದರಿಂದ ಆ ಕಡೆಯವರ ಮನಸ್ಸಿನ ಬಗ್ಗೆ ಹೇಳಬಯಸುತ್ತೇನೆ. ಅವರ ಮೌನಕ್ಕೆ ಉದಾಸೀನವೊಂದೇ ಕಾರಣವಾಗಿರಲಾರದು. ಒಬ್ಬರು ಹೆಂಚು ಹೊದಿಸಲು ಹೊರಟರೆ, ಸ್ವಾಧೀನ ಸ್ಥಾಪಿಸಲು ನೋಡುತ್ತಿದ್ದಾರೆಂದು ಉಳಿದವರು ಶಂಕಿಸುತ್ತಾರೆ. ಹಾಕಿದ ಹಣ ಮರಳಿ ಬರುವುದಿಲ್ಲವೆಂಬ ಭಯ ಮೊದಲಿನವರಿಗಿರುತ್ತದೆ. ಹೀಗೆ ಎಲ್ಲರೂ ಕೈಕಟ್ಟಿ ಕುಳಿತ ಹೊತ್ತಿನಲ್ಲಿ ಮನೆಯೇ ಮಣ್ಣುಗೂಡುತ್ತದೆ, ಅದನ್ನು ನೋಡುವುದು ನಮಗೂ ಸಂಕಟವೇ. ನಿಮ್ಮ ಪತ್ರದಲ್ಲಿ ಒಂದು ಸಾಲು ಸೇರಿಸಿ: ತುರ್ತು ದುರಸ್ತಿಯಿಂದ ಯಾರ ಹಕ್ಕಿಗೂ ಬಾಧೆಯಿಲ್ಲ, ಖರ್ಚಿನ ಲೆಕ್ಕವನ್ನು ಪಾಲಾಗುವಾಗ ನೋಡಿಕೊಳ್ಳಲಾಗುವುದು ಎಂದು ಎಲ್ಲರೂ ಸಹಿ ಹಾಕಿದರೆ ಸಾಕು. ಪರಸ್ಪರ ಕೇಳಲಾರದ ಮಾತನ್ನು ಹೊರಗಿನವರೊಬ್ಬರು ಕೇಳಿದಾಗ ಒಪ್ಪುವುದು ಸುಲಭ. ಹಾಗೂ ಆಗದಿದ್ದರೆ, ಆಸ್ತಿಯ ರಕ್ಷಣೆಗೆ ರಿಸೀವರ್ (ದಾವೆ ಮುಗಿಯುವವರೆಗೆ ಆಸ್ತಿಯನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ವ್ಯಕ್ತಿ) ನೇಮಿಸುವಂತೆ ಅವರಲ್ಲೊಬ್ಬರು ದಾವೆ ನಡೆಯುತ್ತಿರುವ ನ್ಯಾಯಾಲಯವನ್ನೇ ಕೋರಬಹುದು.

ಉತ್ತರ: ಹಳೆಮನೆ ದುರಸ್ತಿ ಕೆಲಸದವರು

ಕಾಗದಪತ್ರ ನಡೆಯುತ್ತಿರಲಿ, ಮೊದಲು ತಾಯಿಯವರ ಹಾಸಿಗೆಯನ್ನು ಬೇರೆ ಕೋಣೆಗೆ ಸಾಗಿಸಿ. ನೆನೆದ ಮಣ್ಣಿನ ಗೋಡೆ ಮುನ್ಸೂಚನೆ ಕೊಟ್ಟೇ ಬೀಳುತ್ತದೆಂದು ನಂಬಬೇಡಿ. ನಿಮ್ಮ ಬದಿಗೆ ಸಿಮೆಂಟಿನ ಗಿಲಾವು ಮಾಡಿಸುವ ಯೋಚನೆಯಿದ್ದರೆ ಕೈಬಿಡಿ. ಅದು ತೇವವನ್ನು ಒಳಗೇ ಹಿಡಿದಿಟ್ಟು ಮಣ್ಣನ್ನು ಮತ್ತಷ್ಟು ಮೆತ್ತಗಾಗಿಸುತ್ತದೆ. ಗೋಡೆ ಒಣಗಿದ ಮೇಲೆ ಸುಣ್ಣದ ಗಾರೆಯೇ ಸರಿ. ಅರಳಿ ಸಸಿಯನ್ನು ಕಿತ್ತೆಳೆಯಬೇಡಿ, ಬೇರಿನ ಜೊತೆಗೆ ಗೋಡೆಯೂ ಬಂದೀತು. ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಆದ್ದರಿಂದ ಅನುಭವವಿರುವವರಿಂದ ಬೇರು ಬಿಡಿಸಿ ಬಿರುಕು ತುಂಬಿಸಬೇಕು. ಈ ಮಳೆಗಾಲದ ಮಟ್ಟಿಗೆ ಗೋಡೆಯ ನೆತ್ತಿಗೆ ದಪ್ಪ ಟಾರ್ಪಾಲು ಹೊದಿಸಿ ನೀರು ಅವರ ಅಂಗಳಕ್ಕೆ ಹರಿಯುವಂತೆ ಮಾಡಿದರೂ ದೊಡ್ಡ ಆಸರೆ.

ಹಳೆಪೇಟೆ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ತಾಯಿಯವರನ್ನು ಇಂದೇ ನಡುಮನೆಗೆ ಕರೆತರುತ್ತೇವೆ. ಟಾರ್ಪಾಲು ಹೊದಿಸಲು ಅವರ ಮಾಡಿನ ಮೇಲೆ ಹತ್ತಬೇಕಾಗುತ್ತದೆ. ಅದಕ್ಕೆ ಒಬ್ಬರ ಒಪ್ಪಿಗೆ ಸಾಕೇ?

ಜಿಲ್ಲಾ ನ್ಯಾಯಾಲಯದ ವಕೀಲ

ಬರವಣಿಗೆಯಲ್ಲಿ ಪಡೆಯಿರಿ, ವಾಟ್ಸ್ಆ್ಯಪ್ ಸಂದೇಶವಾದರೂ ಇರಲಿ. ಒಬ್ಬರು ಒಪ್ಪಿದ ಕೂಡಲೇ ಅದನ್ನು ಉಳಿದವರಿಗೂ ತಿಳಿಸಿ, ಹತ್ತುವ ದಿನ ಮತ್ತು ಕೆಲಸದ ವಿವರವನ್ನು ಮುಂಚಿತವಾಗಿ ಬರೆಯಿರಿ. ದಾವೆಯಲ್ಲಿ ತಡೆಯಾಜ್ಞೆಯೇನಾದರೂ ಇದೆಯೇ ಎಂಬುದನ್ನು ಅದಕ್ಕೂ ಮೊದಲೇ ಕೇಳಿಕೊಳ್ಳಿ.