ಅಪ್‌ಡೇಟ್: ಕತ್ತು ವಾಲುತ್ತಿದ್ದ ಮಗು, ಕಾರಣ ಗೊತ್ತಾಯಿತು

4 ತಿಂಗಳ ಮಗಳು ಎರಡೇ ದಿನದಲ್ಲಿ ಬಟ್ಟೆ ಗೊಂಬೆ ಥರ ಆಗಿದ್ದಾಳೆ, ಕತ್ತು ನಿಲ್ಲುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ? 20 ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದೇವೆ.

"ಮಲಬದ್ಧತೆಯೂ ಇದ್ದರೆ ಈಗಲೇ ಎಮರ್ಜೆನ್ಸಿಗೆ ಓಡಿ" ಅಂದವರಿಗೆ ದೊಡ್ಡ ನಮಸ್ಕಾರ. ಐದು ದಿನದಿಂದ ಕಕ್ಕ ಮಾಡಿರಲಿಲ್ಲ, ನಾನು ಅದು ಬೇರೆ ವಿಷಯ ಅಂದುಕೊಂಡಿದ್ದೆ! ಗ್ರೈಪ್ ವಾಟರ್‌ನಿಂದ ಏನೂ ಆಗಲಿಲ್ಲ, ದೃಷ್ಟಿ ತೆಗೆದದ್ದೂ ಅಷ್ಟೇ.

ರೆಪ್ಪೆ ಅರ್ಧ ಮುಚ್ಚಿತ್ತು, ಅಳು ಬೆಕ್ಕಿನ ಮರಿಯಷ್ಟು ಸಣ್ಣಗೆ. ಡಾಕ್ಟರ್ ಮೊದಲು ಕೇಳಿದ್ದು, "ಜೇನು ಕೊಟ್ಟಿದ್ದೀರಾ?" ಮೈಸೂರಿಂದ ಬಂದಿದ್ದ ಅಮ್ಮ ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿಸಿದ್ದರು.

ಇನ್‌ಫೆಂಟ್ ಬಾಟ್ಯುಲಿಸಂ ಅಂತೆ. ಬ್ಯಾಕ್ಟೀರಿಯಾದ ಬೀಜಾಣು ಮಗುವಿನ ಕರುಳಲ್ಲಿ ಬೆಳೆದು ವಿಷ ಬಿಡುತ್ತದೆ, ನರದ ಸಂದೇಶ ಸ್ನಾಯುವಿಗೆ ತಲುಪುವುದಿಲ್ಲ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇದರ ಔಷಧಿ ಬೇಬಿಬಿಗ್ ಒದಗಿಸುವುದೂ ಇಲ್ಲಿನ ಆರೋಗ್ಯ ಇಲಾಖೆಯೇ. ಮಲದ ರಿಪೋರ್ಟ್‌ಗೆ ಕಾಯದೆ ಕೊಟ್ಟುಬಿಟ್ಟರು. ರಿಪೋರ್ಟ್ ಆಮೇಲೆ ಪಾಸಿಟಿವ್ ಬಂತು.

ಅಮ್ಮ ತುಂಬಾ ನೊಂದುಕೊಂಡರು. ಆದರೆ ಜೇನು ಮುಟ್ಟದ ಮಕ್ಕಳಿಗೂ ಮಣ್ಣು, ಧೂಳಿನಿಂದ ಬರುತ್ತದಂತೆ. ಹಾಗಂತ ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಮನೆಯಲ್ಲಿ ಕಾಯಿಸಿದರೂ ಬೀಜಾಣು ಸಾಯುವುದಿಲ್ಲ.

ನಿನ್ನೆ ಮಗಳು ತಾನೇ ಕತ್ತು ತಿರುಗಿಸಿ ಫ್ಯಾನ್ ನೋಡಿದಳು.