ಟೆಂಪೊ, ಕೀ, ಸ್ವಿಂಗ್: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಳೆಯ ಸ್ವಿಂಗ್ ಜಾಜ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಕರ್ನಾಟಕ ಸಂಗೀತವನ್ನು ಅಷ್ಟಿಷ್ಟು ಕೇಳಿದವರಿಗೆ ಈ ಹಾಡು ಹೀಗೆ ಕೇಳಿಸುತ್ತೆ ಅಂತ ತಿಳಿಸಬೇಕು. ಮೂರು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ಉದಾಹರಣೆಗೆ ಅಮೆರಿಕದ ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ತಂಡ 1941ರ ಫೆಬ್ರವರಿಯಲ್ಲಿ ಧ್ವನಿಮುದ್ರಿಸಿದ ‘ಟೇಕ್ ದ ಎ ಟ್ರೇನ್’ ತೆಗೆದುಕೊಳ್ಳೋಣ. ಬರೆದವರು ಬಿಲ್ಲಿ ಸ್ಟ್ರೇಹಾರ್ನ್. ನ್ಯೂಯಾರ್ಕಿನಲ್ಲಿ ಹಾರ್ಲೆಮ್ ಕಡೆ ಹೋಗುವ ಸುರಂಗ ರೈಲಿನ ಮೇಲಿನ ಹಾಡು.

ಮೊದಲು ಟೆಂಪೊ, ಅಂದರೆ ಹಾಡಿನ ವೇಗ. ಹಾಗೇ ಬಿಟ್ಟರೆ ನಮ್ಮೂರಲ್ಲಿ ಅದು ಸಾಮಾನು ಸಾಗಿಸುವ ಗಾಡಿ. ‘ಗತಿ’ ಅಂತ ಬರೆಯುವವರಿದ್ದಾರೆ. ಆದರೆ ಮೃದಂಗದವರಿಗೆ ಗತಿ ಅಂದರೆ ನಡೆ, ಒಂದು ಎಣಿಕೆಯ ಒಳಗೆ ಎಷ್ಟು ಅಕ್ಷರ ಅನ್ನೋದು. ತಿಶ್ರ ಗತಿ, ಚತುರಶ್ರ ಗತಿ ಅಂತೀವಲ್ಲ, ಅದು. ವೇಗಕ್ಕೆ ಅವರದೇ ಪದ ‘ಕಾಲಪ್ರಮಾಣ’ ಇದೆ. ನನಗೆ ಅದೇ ಸರಿ ಅನ್ನಿಸುತ್ತೆ. ಈ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 160 ಎಣಿಕೆ. ಎಂಟು ಎಣಿಕೆಯ ಆದಿತಾಳ ಹಾಕಿಕೊಂಡು ಕೂತರೆ ಮೂರು ಸೆಕೆಂಡಿಗೆ ಒಂದು ಆವರ್ತ ಮುಗಿಯುತ್ತೆ. ಚುರುಕು ಸರಿ, ಆದರೆ ಧಾವಂತ ಇಲ್ಲ.

ಎರಡನೆಯದು ಕೀ, ಅಂದರೆ ಹಾಡಿಗೆ ಆಧಾರವಾದ ಸ್ವರ ಮತ್ತು ಅದರ ಜೊತೆಗೆ ಬರುವ ಸ್ವರಗಳು. ಆರ್ಕೆಸ್ಟ್ರಾದವರು ‘ಯಾವ ಸ್ಕೇಲು?’ ಅಂತ ಕೇಳುತ್ತಾರೆ. ‘ಶ್ರುತಿ’ ಅಂದರೆ ಅರ್ಧ ಹೇಳಿದ ಹಾಗೆ: ಷಡ್ಜ ಎಲ್ಲಿದೆ ಅಂತ ಗೊತ್ತಾಗುತ್ತೆ, ಉಳಿದ ಸ್ವರ ಯಾವುವು ಅಂತ ಗೊತ್ತಾಗೋದಿಲ್ಲ. ಈ ಹಾಡು ಶುರುವಾಗೋದು ಸಿ ಮೇಜರ್‌ನಲ್ಲಿ. ನಾನು ‘ಬಿಳಿ ಒಂದು ಶ್ರುತಿ, ಶಂಕರಾಭರಣದ ಸ್ವರಗಳು’ ಅಂತ ಬರೆದಿದ್ದೇನೆ (ಬಿಳಿ ಒಂದು ಅಂದರೆ ಹಾರ್ಮೋನಿಯಂನ ಸಿ ಮನೆ). ಇಷ್ಟು ಹೇಳಿದರೆ ಮುಂದಿನ ಸೊಗಸು ಹೇಳೋದು ಸುಲಭ. ಮೂರನೇ ಬಾರ್‌ಗೆ (ನಾಲ್ಕು ಎಣಿಕೆಗೆ ಒಂದು ಬಾರ್) ಬಂದಾಗ ಹಾಡು ಆ ಸ್ವರಗಳನ್ನು ದಾಟಿ ಶುದ್ಧ ಧೈವತದ ಮೇಲೆ ನಿಲ್ಲುತ್ತೆ. ಕೆಳಗಿನ ಕಾರ್ಡ್‌ನಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ, ಶಂಕರಾಭರಣದಲ್ಲಿಲ್ಲದ ಪ್ರತಿಮಧ್ಯಮವೂ ಸೇರಿಕೊಂಡಿರುತ್ತೆ. ಆ ಒಂದು ಜಾಗಕ್ಕೇ ಹಾಡು ಗುರುತು ಸಿಗುತ್ತೆ!

ತಂಡದ ರೇ ನ್ಯಾನ್ಸ್ ಅವರ ಮೊದಲ ಟ್ರಂಪೆಟ್ ಸೋಲೋ ಮುಗಿದ ಮೇಲೆ ಇಡೀ ತಂಡ ಇ ಫ್ಲ್ಯಾಟ್‌ಗೆ ಏರುತ್ತದೆ, ಅಂದರೆ ನಮ್ಮ ಶ್ರುತಿ ಲೆಕ್ಕದಲ್ಲಿ ಒಂದರಿಂದ ಎರಡೂವರೆಗೆ. ಇದಕ್ಕೆ ‘ಗ್ರಹಭೇದ’ ಅನ್ನಬಹುದಾ ಅಂತ ಒಬ್ಬರು ಕೇಳಿದರು. ಬೇಡ ಅಂತ ನನ್ನ ಅಭಿಪ್ರಾಯ. ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇರುತ್ತವೆ, ಷಡ್ಜ ಮಾತ್ರ ಸರಿಯುತ್ತೆ. ಇಲ್ಲಿ ಎಲ್ಲವೂ ಒಟ್ಟಿಗೆ ಮೇಲೆ ಹೋಗುತ್ತವೆ. ಸುಮ್ನೆ ‘ಶ್ರುತಿ ಏರಿಸುವುದು’ ಅಂದರೆ ಸಾಕಲ್ವಾ?

ನಿಜವಾದ ಕಷ್ಟ ಸ್ವಿಂಗ್‌ನದು. ಒಂದು ಎಣಿಕೆಯನ್ನು ಎರಡು ಮಾಡಿದಾಗ ಮೊದಲ ಭಾಗ ಉದ್ದ, ಎರಡನೆಯದು ಗಿಡ್ಡ. ‘ತಕಿಟ ತಕಿಟ’ ಅಂತ ಬಾಯಲ್ಲಿ ಹೇಳಿ. ಈಗ ‘ಕಿ’ಯನ್ನು ನುಂಗಿ, ಅದರ ಜಾಗ ಖಾಲಿ ಬಿಡಿ: ‘ತ–ಟ, ತ–ಟ’. ಹೆಚ್ಚೂ ಕಮ್ಮಿ ಅದೇ. ಹಾಗಂತ ‘ತಿಶ್ರ ನಡೆ’ ಅಂತ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಕಾಲಪ್ರಮಾಣ ಏರಿದ ಹಾಗೆ ಎರಡೂ ಭಾಗ ಸಮಕ್ಕೆ ಹತ್ತಿರವಾಗುತ್ತವೆ. ಜೊತೆಗೆ ಒತ್ತು ಬೀಳೋದು ನಾಲ್ಕರಲ್ಲಿ ಎರಡನೇ ಮತ್ತು ನಾಲ್ಕನೇ ಎಣಿಕೆಗೆ. ಡ್ರಮ್ಮಿನವರು ಕಾಲಿನಿಂದ ಮುಚ್ಚುವ ಜೋಡಿ ತಾಳ ಅಲ್ಲೇ ‘ಚಿಕ್’ ಅನ್ನುತ್ತೆ. ಬಾಸ್ ಮಾತ್ರ ನಾಲ್ಕೂ ಎಣಿಕೆಗೆ ಒಂದೊಂದು ಸ್ವರ ಇಡುತ್ತಾ ನೆಟ್ಟಗೆ ನಡೆಯುತ್ತದೆ. ಈ ಎರಡರ ನಡುವಿನ ಎಳೆದಾಟವೇ ಕಾಲು ಕುಣಿಸೋದು.

‘ಕುಂಟು ನಡೆ’ ಅನ್ನೋ ಸಲಹೆ ಬಂದಿತ್ತು. ಲೆಕ್ಕಕ್ಕೆ ಒಪ್ಪುತ್ತೆ, ಭಾವಕ್ಕೆ ಒಪ್ಪೋದಿಲ್ಲ. ಈ ಸಂಗೀತ ಎಲ್ಲೂ ಎಡವೋದಿಲ್ಲ. ನಾನು ಸದ್ಯಕ್ಕೆ ‘ತೂಗುನಡೆ’ ಅಂತ ಇಟ್ಟುಕೊಂಡಿದ್ದೇನೆ. ಶೈಲಿಯ ಹೆಸರಾಗಿ ‘ಸ್ವಿಂಗ್’ ಹಾಗೇ ಇರಲಿ, ಒಳಗಿನ ಲಯದ ಗುಣಕ್ಕೆ ಮಾತ್ರ ಈ ಪದ.

ಲಯವಾದ್ಯ ನುಡಿಸುವವರು ನಮ್ಮ ಈ ಗುಂಪಿನಲ್ಲಿದ್ದರೆ ದಯವಿಟ್ಟು ಹೇಳಿ: ಎರಡು ಅಕ್ಷರವನ್ನು ಹೀಗೆ ಉದ್ದ–ಗಿಡ್ಡ ಮಾಡಿ ನುಡಿಸೋದಕ್ಕೆ ನಿಮ್ಮಲ್ಲಿ ಆಗಲೇ ಬಳಕೆಯ ಮಾತು ಇದೆಯಾ? ಇದ್ದರೆ ‘ತೂಗುನಡೆ’ ಬಿಟ್ಟು ಅದನ್ನೇ ಬಳಸುತ್ತೇನೆ.